ಹಳೆಯ ಜೀಪಿನ ತುಕ್ಕು ತೂತುಗಳು: ಕಡಿಮೆ ಖರ್ಚಿನ ದುರಸ್ತಿ

ತುಕ್ಕು ಎಂದೊಡನೆ ಕಾಫಿ ಬೆಳೆಗಾರರಿಗೆ ಎಲೆಯಡಿಯ ಕಿತ್ತಳೆ ಪುಡಿ ನೆನಪಾಗುವುದು ಸಹಜ. ಈ ಸಲದ ಪಾಠ ಆ ತುಕ್ಕಿನದಲ್ಲ, ನಮ್ಮ ಜೀಪುಗಳನ್ನು ತಿನ್ನುವ ತುಕ್ಕಿನದು. ಆದರೂ ಒಂದಕ್ಕೆ ಹೊಡೆಯುವ ಔಷಧಿ ಇನ್ನೊಂದನ್ನು ಬೆಳೆಸುತ್ತದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಜೀಪಿನ ಹಿಂಭಾಗದಲ್ಲಿ ಚೆಲ್ಲಿ ತೇವಗೊಂಡರೆ, ಅದರೊಳಗಿನ ತಾಮ್ರ ತಗಡಿನ ಮೇಲೆ ಕೂಡುತ್ತದೆ, ಕಬ್ಬಿಣ ಕರಗಿಹೋಗುತ್ತದೆ. ಪೊಟ್ಯಾಷ್ ಗೊಬ್ಬರವೂ ಉಪ್ಪಿನ ಜಾತಿಯದೇ. ಮೂಟೆಯಿಂದ ಉದುರಿದ್ದನ್ನು ಗುಡಿಸದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ತನ್ನ ಕೆಲಸ ತೋರಿಸುತ್ತದೆ.

ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ಹಳೆಯ ಜೀಪೊಂದನ್ನು ಕೊಳ್ಳಲು ನಾವು ಬಂಗಾರಪೇಟೆಗೆ ಹೋಗಿದ್ದೆವು. ಬಯಲುಸೀಮೆಯ ಗಾಡಿಗೆ ತುಕ್ಕು ಕಡಿಮೆ ಎಂಬುದು ನಮ್ಮ ಲೆಕ್ಕ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 700 ಮಿ.ಮೀ.; ಘಟ್ಟದ ಸೆರಗಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವುದುಂಟು. ಜೀಪು ಹೊಳೆಯುತ್ತಿತ್ತು. ಮುಂಗಡ ಕೊಟ್ಟೇಬಿಟ್ಟೆವು.

ಊರಿಗೆ ಹೊರಡುವ ಮೊದಲು ಬ್ರೇಕು ತೋರಿಸೋಣವೆಂದು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಒಯ್ದೆವು. ಆ ಊರಿನಲ್ಲಿ ಲೋಹದ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತಾದರೂ ಅದರ ವರ್ಕ್‌ಶಾಪುಗಳಲ್ಲಿ ಪಳಗಿದವರು ಇನ್ನೂ ಇದ್ದಾರೆ. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ಕಾರ್ಖಾನೆಯಲ್ಲಿ ಬೆಸುಗೆ ಕಲಿತವರೂ ಇದ್ದಾರೆ. ನಮಗೆ ಸಿಕ್ಕ ಹಿರಿಯ ಟಿಂಕರ್ ಬ್ರೇಕನ್ನು ಆಮೇಲೆ ನೋಡೋಣವೆಂದು, ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ಚಾಲಕನ ಕಾಲಡಿಯ ತಗಡಿನ ಮೇಲೆ ಎಳೆದರು. ಒಂದು ಕಡೆ ಅದು ಹಿಡಿಯಲೇ ಇಲ್ಲ. ಉಳಿಯಿಂದ ಕೆರೆದರೆ ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಮಡಚಿ ತುರುಕಿದ ಹಳೆಯ ಪತ್ರಿಕೆ, ಪತ್ರಿಕೆಯ ಕೆಳಗೆ ರಸ್ತೆ! ಪಕ್ಕದಲ್ಲೇ ಬ್ರೇಕಿನ ಪೈಪು. ಹಿಂದಿನ ಸೀಟಿನ ಬೋಲ್ಟು ಕೂತ ತಗಡೂ ಹಪ್ಪಳದಂತಾಗಿತ್ತು. ತೋಟದ ಕೆಲಸದವರನ್ನು ನಾವು ಕೂರಿಸಬೇಕಿದ್ದುದು ಆ ಸೀಟಿನ ಮೇಲೆಯೇ. ಮಳೆ ಕಡಿಮೆಯಾದರೇನು, ಸಂದುಗಳಲ್ಲಿ ಹೊಕ್ಕ ನುಣುಪು ಧೂಳು ಒಮ್ಮೆ ನೆನೆದರೆ ಬೇಗ ಆರುವುದಿಲ್ಲವೆಂದು ಅವರು ಅಂಗೈಯಲ್ಲಿ ಸುರಿದು ತೋರಿಸಿದರು.

ಆದುದರಿಂದ ಮೊದಲ ಕೆಲಸ ವಿಂಗಡಣೆ. ಚಾಸಿ, ಸ್ಪ್ರಿಂಗ್ ಕೂರುವ ಜಾಗ, ಸೀಟು ಮತ್ತು ಬಾಗಿಲಿನ ಆಧಾರ, ಬ್ರೇಕ್ ಪೈಪು ಹಾಗೂ ಇಂಧನದ ಟ್ಯಾಂಕಿನ ಆಸುಪಾಸು, ಇವುಗಳಲ್ಲಿ ತೂತು ಬಿದ್ದರೆ ಬೆಸುಗೆಯೇ ಆಗಬೇಕು, ಬಲ್ಲವರೇ ಮಾಡಬೇಕು. ಇಲ್ಲಿ ಉಳಿತಾಯದ ಮಾತು ಬೇಡ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿ ಕಳಚಿ ಟ್ಯಾಂಕನ್ನು ಇಳಿಸಿಡುತ್ತಾರೋ ಇಲ್ಲವೋ ನಿಂತು ನೋಡಿರಿ. ಕಾಲಡಿಯ ತೂತನ್ನು ಸಣ್ಣದೆಂದು ಬಿಡಲೂ ಆಗದು. ಎಂಜಿನ್ನಿನ ಹೊಗೆ ಅಲ್ಲಿಂದಲೇ ಒಳಬರುತ್ತದೆ, ಅದರಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 15 ವರ್ಷ ದಾಟಿದ ಖಾಸಗಿ ವಾಹನ 5 ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕಾದ್ದರಿಂದ ಮುಚ್ಚಿಟ್ಟರೂ ಎಂದಾದರೂ ಹೊರಬೀಳುವುದೇ.

ಮಡ್‌ಗಾರ್ಡು, ಬಾಗಿಲಿನ ಕೆಳಅಂಚು, ಹಿಂಬಾಗಿಲು ಮುಂತಾದ ಭಾರ ಹೊರದ ತಗಡುಗಳನ್ನು ಮನೆಯಲ್ಲೇ ಸರಿಪಡಿಸಬಹುದು. ಬಣ್ಣ ಉಬ್ಬಿದ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ತೂತು ಕಾಣುವುದಕ್ಕಿಂತ ದೊಡ್ಡದಾಗಿರುವುದೇ ವಾಡಿಕೆ. ಬಿಳಿಯಾದ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸತಕ್ಕದ್ದು. ಅನೇಕರು ಕೈಹಿಂಜರಿಯುವುದು ಇಲ್ಲಿಯೇ. ತುಕ್ಕನ್ನು ಉಳಿಸಿ ಅದರ ಮೇಲೆ ತೇಪೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ತೇಪೆಯ ಸುತ್ತ ಹೊಸ ತೂತು ನಿಶ್ಚಯ.

ತಂತಿ ಬ್ರಷ್ಷಿನಿಂದ ಉಜ್ಜಿ, ಕುಳಿಗಳಲ್ಲಿ ಉಳಿದ ತುಕ್ಕಿಗೆ ತುಕ್ಕು ಪರಿವರ್ತಕವನ್ನು ಕೈಗವಸು ಹಾಕಿ ಹಚ್ಚಬೇಕು. ಅಡಿಕೆಯ ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವಷ್ಟೆ. ಕೆಲವು ಪರಿವರ್ತಕಗಳಲ್ಲಿರುವುದೂ ಅದೇ ಜಾತಿಯ ಟ್ಯಾನಿನ್. ತುಕ್ಕಿನೊಡನೆ ಕೂಡಿ ಕಪ್ಪು ಪದರವಾಗುತ್ತದೆ. ಈ ಜಾಣತನದಿಂದ ನಾವು ಚೊಗರನ್ನೇ ಒಂದು ಬಾಗಿಲಿಗೆ ಬಳಿದು ನೋಡಿದೆವು. ಮೇಲಿನ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಅಂಗಡಿಯದನ್ನೇ ತನ್ನಿರಿ.

ತೇಪೆಗೆ 20 ಗೇಜಿನ, ಎಂದರೆ ಸುಮಾರು 0.9 ಮಿ.ಮೀ. ದಪ್ಪದ ಉಕ್ಕಿನ ತಗಡು ಸಾಕು. ಎಣ್ಣೆ ಡಬ್ಬದ ತಗಡು ತೀರಾ ತೆಳು. ಅಲ್ಯೂಮಿನಿಯಂ ಉಕ್ಕಿಗೆ ತಾಗಿ ನೆನೆದರೆ ಎರಡಕ್ಕೂ ಹೊಂದಿಕೆಯಿಲ್ಲ. ತೂತಿಗಿಂತ ಸುತ್ತಲೂ 2 ಸೆಂ.ಮೀ. ಹೆಚ್ಚಾಗಿ ಕತ್ತರಿಸಿ, ಎರಡೂ ಮುಖಕ್ಕೆ ಪ್ರೈಮರ್ ಬಳಿದು, ಸಾಧ್ಯವಾದಲ್ಲಿ ಒಳಗಡೆಯಿಂದ ಇಟ್ಟು, 3 ಸೆಂ.ಮೀ.ಗೊಂದರಂತೆ ಪಾಪ್ ರಿವೆಟ್ ಹೊಡೆದು, ಅಂಚಿಗೆ ಸೀಲೆಂಟ್ ಹಚ್ಚಬೇಕು. ಪುಟ್ಟಿ ಇದರ ಮೇಲೆ, ತೆಳುವಾಗಿ, ಮೇಲ್ಮೈ ಸಮ ಮಾಡಲಷ್ಟೆ. ಅದು ನೀರು ಹೀರುವ ವಸ್ತುವಾದ್ದರಿಂದ ಬಣ್ಣವಿಲ್ಲದೆ ಬಿಡಬಾರದು. ಬೆರಳ ತುದಿಯಷ್ಟು ತೂತಿಗೆ ಗಾಜಿನ ನಾರು ಮತ್ತು ರೆಸಿನ್ ಆಗಬಹುದು, ಆದರೆ ಒಣಹವೆಯಲ್ಲಿ ಮಾತ್ರ. ಜೂನ್‌ನಲ್ಲಿ ಕೈಹಾಕಿದವರ ಕೆಲಸ ಅಂಟಂಟಾಗಿಯೇ ಉಳಿದದ್ದನ್ನು ಕಂಡಿದ್ದೇವೆ. ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ.

ನಮ್ಮ ಜೀಪಿನ ಕಥೆ ಇಷ್ಟು: ಕೆರೆದ ಪುಟ್ಟಿಯನ್ನು ಕಾಗದದಲ್ಲಿ ಕಟ್ಟಿ ಬಂಗಾರಪೇಟೆಗೆ ಒಯ್ದು ಮಾರಿದವರ ಮುಂದೆ ಇಟ್ಟೆವು. ಬೆಲೆ ಇಳಿಯಿತು. ಇಳಿದ ಹಣದಲ್ಲಿ ಕಾಲಡಿಗೂ ಸೀಟಿನ ಆಧಾರಕ್ಕೂ ರಾಬರ್ಟ್‌ಸನ್‌ಪೇಟೆಯಲ್ಲೇ ಹೊಸ ತಗಡು ಬೆಸೆಸಿದೆವು. ಬಾಗಿಲು, ಮಡ್‌ಗಾರ್ಡುಗಳನ್ನು ಮನೆಯಲ್ಲಿ ಎರಡು ಭಾನುವಾರ ಕೂತು ಮುಗಿಸಿದೆವು. ಹೊರಡುವಾಗ ಆ ಟಿಂಕರ್ ಬಾಗಿಲಿನ ತಳದಲ್ಲಿದ್ದ ನೀರು ಹೋಗುವ ಕಿಂಡಿಗಳನ್ನು ತೋರಿಸಿದರು. ಎರಡೂ ಬಾಗಿಲಿನವು ಮಣ್ಣಿನಿಂದ ಮುಚ್ಚಿಹೋಗಿದ್ದವು, ಬಾಗಿಲಿನೊಳಗೆ ನೀರು ನಿಂತಿತ್ತು. ಈಗ ಮೇ ಕೊನೆಯ ವಾರ ತೆಂಗಿನ ಕಡ್ಡಿಯಿಂದ ಅವನ್ನು ಚುಚ್ಚಿ ಬಿಡಿಸುವುದು ನಮ್ಮ ಮನೆಯ ಮಕ್ಕಳ ಪಾಲಿನ ಕೆಲಸ.