ಮನೆಯೂ ಮಳಿಗೆಯೂ

ನಗರದ ವಸತಿ ಬಡಾವಣೆಯೊಂದರ ಒಂದು ಬೀದಿ. ಆ ಬೀದಿಯ ನಡುವಿನ ಸಣ್ಣ ಮನೆಯಲ್ಲಿ, ಪತಿಯನ್ನು ಕಳೆದುಕೊಂಡ ತಾಯಿಯೊಬ್ಬಳು ಕಿಟಕಿಯ ಬಳಿ ಹೊಲಿಗೆ ಯಂತ್ರವನ್ನಿಟ್ಟುಕೊಂಡು ನೆರೆಹೊರೆಯವರ ಬಟ್ಟೆಗಳನ್ನು ಹೊಲಿಯುತ್ತಾಳೆ. ಆ ಸಂಪಾದನೆಯಿಂದಲೇ ಇಬ್ಬರು ಮಕ್ಕಳನ್ನು ಓದಿಸುತ್ತಾಳೆ. ಯಂತ್ರದ ಸದ್ದು ಬೀದಿಗೆ ಕೇಳಿಸದು. ಎರಡು ಮನೆಗಳಾಚೆ ಮತ್ತೊಬ್ಬನು ತನ್ನ ಮನೆಯ ನೆಲಮಹಡಿಯಲ್ಲಿ ಕಬ್ಬಿಣದ ಬಾಗಿಲು ಕಿಟಕಿಗಳನ್ನು ಬೆಸೆಯುವ ಕೆಲಸ ಆರಂಭಿಸುತ್ತಾನೆ. ಬೆಳಗಿನಿಂದ ರಾತ್ರಿಯವರೆಗೆ ಕಬ್ಬಿಣ ಕೊಯ್ಯುವ ಕರ್ಕಶ ಧ್ವನಿ, ಕಣ್ಣು ಕೋರೈಸುವ ಬೆಸುಗೆಯ ಬೆಳಕು, ಬೀದಿಗೆ ಅಡ್ಡವಾಗಿ ನಿಂತ ಲಾರಿ. ಎದುರು ಮನೆಯ ಮುದುಕರಿಗೆ ನಿದ್ರೆಯಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ನೆಮ್ಮದಿಯಿಲ್ಲ. ಬೀದಿಯವರೆಲ್ಲರೂ ಸೇರಿ ನಗರಸಭೆಗೆ ದೂರು ಕೊಡುತ್ತಾರೆ. ಅಧಿಕಾರಿಗಳು ಬಂದು, "ಇದು ವಸತಿ ವಲಯ, ಇಲ್ಲಿ ಉದ್ಯಮ ನಡೆಸಕೂಡದು" ಎಂದರೆ ಯಾರ ಬಾಗಿಲು ಮುಚ್ಚಬೇಕು? ಬೆಸುಗೆಯವನದು ಮಾತ್ರವೇ? ಹೊಲಿಗೆಯವಳದೂ ಅಲ್ಲವೇ? ಇಬ್ಬರೂ ಮನೆಯಲ್ಲಿಯೇ ದುಡಿಯುವವರು; ಇಬ್ಬರದೂ ಹೊಟ್ಟೆಪಾಡಿನ ಪ್ರಶ್ನೆ.

ಇಂತಹ ಪ್ರಶ್ನೆಗೆ ಉತ್ತರ ಹೇಳಲು ಹುಟ್ಟಿದವುಗಳೇ ವಲಯ ನಿಯಮಗಳು. ನಗರದ ಯಾವ ಭಾಗದಲ್ಲಿ ಜನರು ವಾಸಿಸಬೇಕು, ಎಲ್ಲಿ ವ್ಯಾಪಾರ ನಡೆಯಬೇಕು, ಎಲ್ಲಿ ಕಾರ್ಖಾನೆಗಳಿರಬೇಕು ಎಂಬುದನ್ನು ಇವು ಗೊತ್ತುಪಡಿಸುತ್ತವೆ. ಇವುಗಳ ಅಗತ್ಯವೇನೆಂಬುದನ್ನು ಅರಿಯಬೇಕಾದರೆ ಹಿಂದಿನ ಕಾಲವನ್ನು ಸ್ವಲ್ಪ ನೋಡಬೇಕು.

ಹಿಂದೆ ಮನೆಯೂ ಕಾರ್ಯಾಗಾರವೂ ಬೇರೆ ಬೇರೆಯಾಗಿರಲಿಲ್ಲ. ಇಳಕಲ್ಲಿನ ನೇಕಾರನ ಮನೆಯೊಳಗೇ ಕುಣಿಮಗ್ಗವಿತ್ತು. ತಂದೆ ನೇಯುತ್ತಿರುವಾಗ ಮನೆಯ ಹೆಂಗಸರು, ಮಕ್ಕಳು ನೂಲು ಸುತ್ತುತ್ತಿದ್ದರು. ಚನ್ನಪಟ್ಟಣದ ಕುಶಲಕರ್ಮಿ ಮನೆಯಲ್ಲೇ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆಗಳನ್ನು ಮಾಡುತ್ತಿದ್ದನು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರಸಿದ್ಧವಾದ ಬೆಂಗಳೂರಿನ ಪೇಟೆಗಳ ಹೆಸರುಗಳನ್ನು ಕೇಳಿದರೆ ಸಾಕು: ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸುಬೇ ಬೀದಿಯ ಹೆಸರಾಗಿತ್ತು. ಕೆಳಗೆ ಅಂಗಡಿ, ಒಳಗೆ ಅಥವಾ ಮೇಲೆ ಮನೆ. ಇದೇ ಅಂದಿನ ಬಾಳು.

ಆದರೂ ಅಂದಿನವರು ಅಪಾಯದ ಕಸುಬನ್ನು ಗುರುತಿಸದೆ ಇರಲಿಲ್ಲ. ಬೆಂಕಿಯನ್ನು ಬಳಸಿ ಬದುಕುವವರನ್ನು ನಗರದಲ್ಲಿ ಒಂದೆಡೆಯೇ ನೆಲೆಗೊಳಿಸಬೇಕೆಂದು ಕೌಟಿಲ್ಯನ 'ಅರ್ಥಶಾಸ್ತ್ರ' ವಿಧಿಸುತ್ತದೆ. ಒಬ್ಬನ ಕುಲುಮೆಯ ಕಿಡಿ ಇನ್ನೊಬ್ಬನ ಹುಲ್ಲುಮಾಡಿಗೆ ಹಾರಬಾರದೆಂಬ ಸರಳ ವಿವೇಕವೇ ಇದರ ಮೂಲ.

ಉಗಿಯಂತ್ರ ಬಂದ ಮೇಲೆ ಸ್ಥಿತಿ ಬದಲಾಯಿತು. ಕಾರ್ಖಾನೆಗಳ ಹೊಗೆ, ಕೊಳಚೆ, ಗದ್ದಲಗಳು ವಾಸದ ಮನೆಗಳ ನಡುವೆ ನುಗ್ಗಿದವು. 1891ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರವು ತನ್ನ ನೆಲವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡ ನಿಯಮಗಳನ್ನು ರೂಪಿಸಿತು. 1916ರಲ್ಲಿ ನ್ಯೂಯಾರ್ಕ್ ನಗರವು ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ಜಾರಿಗೆ ತಂದಿತು. ನೆಲದೊಡೆಯನಿಗೆ ತನ್ನ ನೆಲವನ್ನು ಮನಬಂದಂತೆ ಬಳಸುವ ಹಕ್ಕಿಲ್ಲವೇ ಎಂಬ ವಾದ ಎದ್ದಿತು. ಓಹಿಯೋ ಸಂಸ್ಥಾನದ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1926ರಲ್ಲಿ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ತನ್ನ ಸ್ಥಳದಲ್ಲಿ ಯೋಗ್ಯವಾದ ವಸ್ತುವೇ ಸ್ಥಳ ತಪ್ಪಿದರೆ ಉಪದ್ರವವಾಗಬಲ್ಲದು ಎಂಬುದು ಆ ತೀರ್ಪಿನ ತಿರುಳು.

ಒಳ್ಳೆಯ ನಿಯಮವೂ ಕೆಟ್ಟ ಕೈಗೆ ಸಿಕ್ಕರೆ ಅನ್ಯಾಯದ ಸಾಧನವಾಗುತ್ತದೆ. ಅಮೆರಿಕದ ಲೂಯಿವಿಲ್ ನಗರವು ಬಿಳಿಯರ ಬೀದಿಯಲ್ಲಿ ಕರಿಯರು ವಾಸಿಸಬಾರದೆಂಬ ನಿಯಮವನ್ನು ಮಾಡಿತ್ತು. 1917ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಅದನ್ನು ರದ್ದುಪಡಿಸಿತು. ವಲಯ ನಿಯಮವು ಹೊಗೆಯನ್ನು ದೂರವಿಡಬೇಕೇ ಹೊರತು ಮನುಷ್ಯನನ್ನಲ್ಲ.

ನಮ್ಮ ನಾಡಿನಲ್ಲಿ ನಗರ ಯೋಜನೆಗೆ ಒತ್ತು ಬಂದುದು ಒಂದು ದುರಂತದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಮಲ್ಲೇಶ್ವರ, ಬಸವನಗುಡಿಗಳಂತಹ ಹೊಸ ಬಡಾವಣೆಗಳತ್ತ ಹೊರಟರು. ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ನಗರ ಸುಧಾರಣೆಯ ಮಂಡಳಿಗಳು ಸ್ಥಾಪಿತವಾದವು. 1976ರ ಅಧಿನಿಯಮದ ಪ್ರಕಾರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹುಟ್ಟಿತು. ಇಂದು ಕರ್ನಾಟಕದ ನಗರಗಳ ಯೋಜನೆಗೆ ಆಧಾರವಾಗಿರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದರಂತೆ ತಯಾರಾಗುವ ನಗರದ ನಕ್ಷೆಯಲ್ಲಿ ವಾಸದ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಗಳಿಗೆ ಹಸಿರು ಬಣ್ಣ ಬಳಿಯುವುದು ವಾಡಿಕೆ. ಹಳದಿಯ ನೆಲವನ್ನು ನೀಲಿಯ ಕೆಲಸಕ್ಕೆ ಬಳಸಬೇಕೆಂದರೆ ಒಡೆಯನ ಇಚ್ಛೆಯೊಂದೇ ಸಾಲದು. ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಇದಲ್ಲದೆ ಎಷ್ಟೋ ಉದ್ದಿಮೆಗಳಿಗೆ ನಗರಾಡಳಿತದ ಪರವಾನಗಿಯೂ ಬೇಕು. ಇವೆರಡೂ ಬೇರೆ ಬೇರೆ. ನೆಲವನ್ನು ಯಾವುದಕ್ಕೆ ಬಳಸಬಹುದೆಂಬುದು ಮೊದಲನೆಯದು. ಆ ಉದ್ದಿಮೆಯನ್ನು ಹೇಗೆ ನಡೆಸಬೇಕೆಂಬುದು ಎರಡನೆಯದು.

ಹಾಗಾದರೆ ಹಳದಿ ಬಣ್ಣದ ಪ್ರದೇಶದಲ್ಲಿ ಯಾವ ದುಡಿಮೆಗೂ ಎಡೆಯಿಲ್ಲವೇ? ಹಾಗೇನೂ ಇಲ್ಲ. ವಿವೇಕವುಳ್ಳ ನಿಯಮವು ಕೆಲವು ಪ್ರಶ್ನೆಗಳನ್ನು ಕೇಳಿ ನೋಡುತ್ತದೆ. ದುಡಿಯುವವನು ಆ ಮನೆಯಲ್ಲಿಯೇ ವಾಸಿಸುವವನೇ? ಮನೆಯ ಎಷ್ಟು ಭಾಗ ದುಡಿಮೆಗೆ ಮೀಸಲಾಗಿದೆ? ಹೊರಗಿನಿಂದ ಎಷ್ಟು ಜನ ಕೆಲಸಗಾರರು ಬರುತ್ತಾರೆ? ಎಷ್ಟು ವಿದ್ಯುತ್ತು ಬೇಕು? ಹೊಗೆ, ವಾಸನೆ, ಕೊಳಚೆ ನೀರು, ಸದ್ದು ಹೊರಬೀಳುತ್ತವೆಯೇ? ಗಿರಾಕಿಗಳ ವಾಹನಗಳು ಬೀದಿಯನ್ನು ತುಂಬುತ್ತವೆಯೇ? ಈ ಪ್ರಶ್ನೆಗಳಿಗೆ ಬರುವ ಉತ್ತರಗಳಿಂದ, ಅದು ದುಡಿಮೆಯುಳ್ಳ ಮನೆಯಾಗಿ ಉಳಿದಿದೆಯೇ ಅಥವಾ ಮನೆಯ ಹೆಸರಿನ ಕಾರ್ಖಾನೆಯಾಗಿದೆಯೇ ಎಂಬುದು ತಿಳಿಯುತ್ತದೆ. ಸದ್ದನ್ನಂತೂ ಅಳೆದೇ ಹೇಳಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಕಾರ್ಖಾನೆಯಲ್ಲಿ ಸಹ್ಯವಾದುದು ಮಲಗುವ ಕೋಣೆಯ ಪಕ್ಕದಲ್ಲಿ ಸಹ್ಯವಲ್ಲ.

ನಿಯಮವಿದ್ದೂ ಅದನ್ನು ಬಹುಕಾಲ ಮರೆತರೆ ಏನಾಗುತ್ತದೆಂಬುದಕ್ಕೆ ದೆಹಲಿಯ ಅನುಭವ ಸಾಕ್ಷಿ. ಅಲ್ಲಿ ಅಸಂಖ್ಯಾತ ಮನೆಗಳು ವರ್ಷಗಳ ಕಾಲ ಅಂಗಡಿಗಳಾಗಿ ಬದಲಾಗುತ್ತಿದ್ದರೂ ತಡೆಯುವವರಿರಲಿಲ್ಲ. 2006ರ ಫೆಬ್ರವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವಾಸದ ಕಟ್ಟಡಗಳ ಇಂತಹ ದುರುಪಯೋಗವನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಅಂಗಡಿಗಳಿಗೆ ಬೀಗಮುದ್ರೆ ಬೀಳತೊಡಗಿತು. ವ್ಯಾಪಾರಿಗಳು ಬೀದಿಗಿಳಿದರು, ಪ್ರತಿಭಟನೆಗಳಲ್ಲಿ ಪ್ರಾಣಹಾನಿಯೂ ಆಯಿತು. 2007ರ ಫೆಬ್ರವರಿಯಲ್ಲಿ ಹೊರಬಂದ ದೆಹಲಿಯ ಹೊಸ ಮಹಾಯೋಜನೆಯು ವಾಸವೂ ವ್ಯಾಪಾರವೂ ಬೆರೆತಿರಬಹುದಾದ ಬೀದಿಗಳಿಗೆ ಅವಕಾಶವಿತ್ತಿತು. ವೈದ್ಯರು, ವಕೀಲರು ಮೊದಲಾದ ವೃತ್ತಿನಿರತರು ತಾವು ವಾಸಿಸುವ ಮನೆಯ ಒಂದು ಭಾಗದಲ್ಲಿ ವೃತ್ತಿ ನಡೆಸಲು ಷರತ್ತುಗಳೊಡನೆ ಸಮ್ಮತಿಸಿತು. ಮೊದಲೇ ಮಾಡಬಹುದಾಗಿದ್ದ ಹೊಂದಾಣಿಕೆಯನ್ನು ಕಣ್ಣೀರಾದ ಮೇಲೆ ಮಾಡಿದಂತಾಯಿತು.

ಅದೇ ದೆಹಲಿಯಲ್ಲಿ 2019ರ ಡಿಸೆಂಬರ್ 8ರ ಮುಂಜಾನೆ ಮತ್ತೊಂದು ಘೋರ ಸಂಗತಿ ನಡೆಯಿತು. ಅನಾಜ್ ಮಂಡಿಯ ಇಕ್ಕಟ್ಟಾದ ವಸತಿ ಪ್ರದೇಶದ ಕಟ್ಟಡವೊಂದರಲ್ಲಿ ಚೀಲ ಮೊದಲಾದವುಗಳನ್ನು ತಯಾರಿಸುವ ಘಟಕಗಳು ನಡೆಯುತ್ತಿದ್ದವು. ಬೆಂಕಿ ಹೊತ್ತಿದಾಗ ಕೆಲಸಗಾರರು ಒಳಗೇ ಮಲಗಿದ್ದರು. 43 ಮಂದಿ ಸತ್ತರು; ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ವಲಯ ನಿಯಮವನ್ನು ಬರಿಯ ಕಾಗದದ ಕಟ್ಟಳೆಯೆಂದು ಹಗುರಾಗಿ ಕಾಣುವವರು ಈ ಸಂಖ್ಯೆಯನ್ನು ನೆನೆಯಬೇಕು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಚಿತ್ರವೂ ಇದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಮ್ಮ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಮಾಡಲು ಕುಳಿತರು. ಆ ಮೊದಲ ಹಪ್ಪಳದ ಕಟ್ಟುಗಳಿಂದ ಬೆಳೆದುದೇ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್. ಹಿಟ್ಟನ್ನು ಶಾಖೆಯಲ್ಲಿ ಕಲಸಿ ಹಂಚುತ್ತಾರೆ. ಸದಸ್ಯೆಯರು ಅದನ್ನು ಮನೆಗೆ ಒಯ್ದು ಲಟ್ಟಿಸಿ ತಂದೊಪ್ಪಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೊಡ್ಡ ಪ್ರಮಾಣದ ಕೆಲಸ ಶಾಖೆಯಲ್ಲಿ. ಮನೆಗೆ ಬರುವುದು ಮಣೆ, ಲಟ್ಟಣಿಗೆಗಳ ಕೆಲಸ ಮಾತ್ರ. ಮನೆ ಮನೆಯಾಗಿಯೇ ಉಳಿಯಿತು, ದುಡಿಮೆಯೂ ಒಳಗೆ ಬಂದಿತು. ಎಲ್ಲ ಮನೆಗೆಲಸದ ಉದ್ಯಮಗಳನ್ನೂ ಒಂದೇ ಬೀಗದಿಂದ ಮುಚ್ಚುವ ನಿಯಮವಿದ್ದರೆ, ಮನೆಬಿಟ್ಟು ಹೊರಗೆ ಹೋಗಲಾರದ ಎಷ್ಟೋ ಹೆಂಗಸರ ಕೈಯ ತುತ್ತು ಕಸಿದಂತಾಗುತ್ತಿತ್ತು.

ನಿಯಮದ ಮುಂದೆ ಬಡವನೂ ಬಲ್ಲಿದನೂ ಒಂದೇ ಆಗಿರಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆಸ್ಪತ್ರೆ ಒಳ್ಳೆಯದೇ. ಆದರೆ ಎಲ್ಲರಿಗಾಗಿ ಮಾಡಿದ ಯೋಜನೆಯನ್ನು ಕೆಲವರಿಗಾಗಿ ಮುರಿಯುವಂತಿಲ್ಲವೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಪ್ರಶ್ನಿಸುವ ಹಕ್ಕು ಬಡಾವಣೆಯ ಸಾಮಾನ್ಯ ನಿವಾಸಿಗೂ ಉಂಟೆಂಬುದು ಇದರಿಂದ ಸ್ಥಿರಪಟ್ಟಿತು. ಹೊಲಿಗೆಯವಳ ಬಾಗಿಲಿಗೆ ಬೇಗನೆ ಬಂದು, ಬಲವಂತನ ಬಾಗಿಲಿಗೆ ಬರಲು ತಡಮಾಡುವ ನಿಯಮಕ್ಕೆ ಜನರ ಗೌರವ ದೊರೆಯದು.

ಕಾಲವೂ ನಿಂತಿಲ್ಲ. 2020ರಲ್ಲಿ ಕೋವಿಡ್ ಸಾಂಕ್ರಾಮಿಕವು ಹರಡಿದಾಗ ಲಕ್ಷಾಂತರ ಮಂದಿ ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಕಚೇರಿಯ ಕೆಲಸ ಮಾಡಿದರು. ಹೊಗೆಯಿಲ್ಲ, ಸದ್ದಿಲ್ಲ, ಲಾರಿಯಿಲ್ಲ. ಮನೆಗೂ ಕಚೇರಿಗೂ ನಡುವೆ ಕೈಗಾರಿಕಾ ಯುಗವು ಎಳೆದ ಗೆರೆ ಇಂತಹ ಕಡೆ ಮಸುಕಾಗಿದೆ. ಹೊಸ ಬಗೆಯ ದುಡಿಮೆಗೆ ತಕ್ಕಂತೆ ನಿಯಮವೂ ತನ್ನನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಈಗ ಮತ್ತೆ ಆ ಬೀದಿಗೆ ಬರಬಹುದು. ಹೊಲಿಗೆಯ ತಾಯಿ ತಾನು ವಾಸಿಸುವ ಮನೆಯ ಒಂದು ಮೂಲೆಯಲ್ಲಿ, ಯಾರಿಗೂ ತೊಂದರೆಯಾಗದಂತೆ ದುಡಿಯುತ್ತಾಳೆ. ಅವಳ ದುಡಿಮೆಗೆ ಹಳದಿಯ ನೆಲದಲ್ಲಿಯೇ ಎಡೆ ಸಿಗಬೇಕು. ಬೆಸುಗೆಯವನ ಕಸುಬೂ ಕೀಳಲ್ಲ. ಅವನು ಬೆಸೆದ ಬಾಗಿಲೇ ಊರಿನ ಮನೆಗಳಿಗೆ ಕಾವಲು. ಆದರೆ ಅದಕ್ಕೆ ತಕ್ಕ ಸ್ಥಳ ಬೇರೆ. ಅವನನ್ನು ಎಬ್ಬಿಸಿದರೆ ನಗರದ ಹೊಣೆ ಮುಗಿಯದು. ಅವನ ಆದಾಯಕ್ಕೆ ನಿಲುಕುವ ಬಾಡಿಗೆಯಲ್ಲಿ ಕೈಗಾರಿಕಾ ವಲಯದಲ್ಲಿ ಒಂದು ಮಳಿಗೆ ದೊರೆಯುವಂತೆಯೂ ನೋಡಬೇಕು. ಹಾಗೆ ಮಾಡದಿದ್ದರೆ ಅವನು ಇನ್ನೊಂದು ಬೀದಿಯ ಇನ್ನೊಂದು ಮನೆಗೆ ಹೋಗುತ್ತಾನೆ. ದೂರೂ ಅವನ ಹಿಂದೆಯೇ ಹೋಗುತ್ತದೆ.

ಒಂದೇ ಗೋಡೆಯ ಎರಡು ಬದಿಗಳಲ್ಲಿ ಇಬ್ಬರು ಬಾಳುತ್ತಾರೆ. ಒಬ್ಬನಿಗೆ ಅನ್ನ ಬೇಕು, ಇನ್ನೊಬ್ಬನಿಗೆ ನಿದ್ರೆ ಬೇಕು. ಎರಡನ್ನೂ ಉಳಿಸಿಕೊಡುವುದೇ ನಗರವೆಂಬ ಕೂಡುಬಾಳಿನ ಧರ್ಮ.