ಹೊರನಾಡಿನ ನೇತ್ರಸೇವೆ: ಕನ್ನಡಕ ಹಂಚುವ ಮುನ್ನ

ವಿದೇಶಗಳಲ್ಲಿ ಉದ್ಯೋಗದಲ್ಲಿರುವ ತಮ್ಮ ಮಕ್ಕಳು ರಜೆಯ ದಿನಗಳಲ್ಲಿ ನೇಪಾಳಕ್ಕೋ ಆಫ್ರಿಕಾದ ಯಾವುದಾದರೊಂದು ನಾಡಿಗೋ ತೆರಳಿ ಕಣ್ಣಿನ ಶಿಬಿರಗಳಲ್ಲಿ ಸೇವೆ ಸಲ್ಲಿಸಲು ಬಯಸುತ್ತಿರುವರೆಂದೂ, ಮನೆಯಲ್ಲಿ ಉಳಿದಿರುವ ಹಳೆಯ ಕನ್ನಡಕಗಳನ್ನು ಕೂಡಿಸಿ ಅವರ ಕೈಯಲ್ಲಿ ಕಳುಹಿಸಬಹುದೇ ಎಂದೂ ಕೆಲವು ಭಕ್ತರು ಕೇಳುತ್ತಿದ್ದಾರೆ. ಸಂಕಲ್ಪ ಸ್ತುತ್ಯವಾದುದು. ಆದರೆ ಕಣ್ಣಿನ ವಿಷಯದಲ್ಲಿ ಸದುದ್ದೇಶವೊಂದೇ ಸಾಲದು. ಇಂತಹ ಸೇವೆ ಯಾವಾಗ ಫಲ ಕೊಡುತ್ತದೆ, ಯಾವಾಗ ವ್ಯರ್ಥವಾಗುತ್ತದೆ ಎಂಬುದಕ್ಕೆ ನೇಪಾಳದಷ್ಟು ಸ್ಪಷ್ಟವಾದ ಉದಾಹರಣೆ ವಿರಳ.

1980ರ ದಶಕದಲ್ಲಿ ಹೊರದೇಶಗಳ ವೈದ್ಯರು ಹಿಮಾಲಯದ ಹಳ್ಳಿಗಳಿಗೆ ಬಂದು ಪೊರೆ ತೆಗೆಯುತ್ತಿದ್ದರು. ಅಂದಿನ ಪದ್ಧತಿಯಂತೆ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆದು, ಅದರ ಬದಲಿಗೆ ಸೋಡಾ ಬಾಟಲಿಯ ತಳದಂತಹ ದಪ್ಪ ಗಾಜಿನ ಕನ್ನಡಕವನ್ನು ಕೊಡಲಾಗುತ್ತಿತ್ತು. ನಮ್ಮ ಹಿರಿಯ ಓದುಗರಿಗೆ ಇದು ಅಪರಿಚಿತವಲ್ಲ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರು ಸಂಚರಿಸಿ ನಡೆಸಿದ ಶಿಬಿರಗಳಿಂದ ದೃಷ್ಟಿ ಪಡೆದು, ಅಂತಹ ಕನ್ನಡಕ ಧರಿಸಿ ಹಿಂದಿರುಗಿದ ಅಜ್ಜ-ಅಜ್ಜಿಯರು ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿದ್ದರು. ಆ ಕಾಲಕ್ಕೆ ಲಭ್ಯವಿದ್ದ ಉಪಾಯ ಅದೇ ಆಗಿತ್ತು. ಆದರೆ ಅದರ ಕೊರತೆ ಗುಡ್ಡಗಾಡಿನಲ್ಲಿ ಬೇಗ ಎದ್ದು ಕಂಡಿತು. ಕಲ್ಲುದಾರಿಯಲ್ಲಿ ಕನ್ನಡಕ ಬಿದ್ದು ಒಡೆದರೆ ಆ ಮನುಷ್ಯ ಮತ್ತೆ ಕುರುಡನೇ. ಹೊಸದನ್ನು ತರಲು ಅಂಗಡಿಯಿಲ್ಲ, ಶಿಬಿರದ ವೈದ್ಯರು ತಮ್ಮ ದೇಶಕ್ಕೆ ಮರಳಿಯಾಗಿದೆ.

ಇದನ್ನು ಕಂಡು ಅಸಮಾಧಾನಗೊಂಡವರು ಟಿಬೆಟ್ ಗಡಿಯ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ನೇತ್ರಶಾಸ್ತ್ರ ಕಲಿತ ಡಾ. ಸಂದುಕ್ ರೂಯಿತ್. ಆಸ್ಟ್ರೇಲಿಯಾದ ಪ್ರೊಫೆಸರ್ ಫ್ರೆಡ್ ಹಾಲೋಸ್ ನೇಪಾಳಕ್ಕೆ ಬಂದಾಗ ಇಬ್ಬರಿಗೂ ಪರಿಚಯವಾಯಿತು. ಕಣ್ಣಿನೊಳಗೇ ಕೂರಿಸುವ ಕೃತಕ ಮಸೂರವನ್ನು ಬಡವರಿಗೂ ಕೊಡಬೇಕೆಂಬುದು ಅವರ ಹಟ. ಶಿಬಿರಗಳಲ್ಲಿ ಅದು ಅಪಾಯಕರ, ದುಬಾರಿ ಎಂದು ವಾದಿಸಿದ ತಜ್ಞರು ಆಗ ಕಡಿಮೆಯಿರಲಿಲ್ಲ. ಹಾಲೋಸ್ 1993ರಲ್ಲಿ ತೀರಿಕೊಂಡರು. ಮರುವರ್ಷ ಕಠ್ಮಂಡುವಿನಲ್ಲಿ ತಿಲಗಂಗಾ ನೇತ್ರ ಕೇಂದ್ರ ತೆರೆಯಿತು. ಅಲ್ಲಿಯೇ ಮಸೂರಗಳ ತಯಾರಿಕೆಯೂ ಆರಂಭವಾಯಿತು. ನೂರು ಡಾಲರಿಗೂ ಮಿಗಿಲಾಗಿದ್ದ ಮಸೂರದ ಬೆಲೆ ಐದು ಡಾಲರಿನ ಆಸುಪಾಸಿಗೆ ಇಳಿಯಿತು. ಹೊಲಿಗೆಯಿಲ್ಲದ ಸಣ್ಣ ಗಾಯದ ಶಸ್ತ್ರಕ್ರಿಯೆ ನುರಿತ ಕೈಯಲ್ಲಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಎವರೆಸ್ಟ್ ಏರಿದ್ದ ಅಮೆರಿಕದ ವೈದ್ಯ ಜೆಫ್ರಿ ಟ್ಯಾಬಿನ್ ಈ ವಿಧಾನವನ್ನು ರೂಯಿತರಿಂದಲೇ ಕಲಿತರು. ಸೇವೆಗೆಂದು ಬಂದವರು ಶಿಷ್ಯರಾದ ಈ ಸಂಗತಿ ನನಗೆ ಬಹಳ ಮೆಚ್ಚುಗೆಯಾದುದು. ಪರದೇಶದ ನೆರವು ಹಣವಾಗಿ, ಯಂತ್ರವಾಗಿ, ತರಬೇತಿಯಾಗಿ ಅಲ್ಲಿಯವರ ಕೈಗೆ ಸೇರಿದ್ದರಿಂದ ಅದು ನಿಂತಿತು.

ಇನ್ನು ಕನ್ನಡಕದ ವಿಚಾರ. ನಲವತ್ತರ ಹೊತ್ತಿಗೆ ಕಣ್ಣಿನ ಮಸೂರದ ಮೃದುತ್ವ ಕುಗ್ಗಿ ಹತ್ತಿರದ ವಸ್ತು ಮಸುಕಾಗುತ್ತದೆ. ನಮ್ಮ ಜನ ಇದಕ್ಕೆ ಚಾಳೀಸು ಎಂದೇ ಹೆಸರಿಟ್ಟಿದ್ದಾರೆ. ಓದುಬರಹ ಇಲ್ಲದವರಿಗೆ ಇದರಿಂದ ತೊಂದರೆಯಿಲ್ಲವೆಂದು ಭಾವಿಸುವುದು ತಪ್ಪು. ಅಕ್ಕಿಯಲ್ಲಿನ ಕಲ್ಲು ಆರಿಸುವವರಿಗೆ, ನೇಯುವವರಿಗೆ, ಸೂಜಿಗೆ ದಾರ ಪೋಣಿಸುವವರಿಗೆ ಹತ್ತಿರದ ದೃಷ್ಟಿಯೇ ಅನ್ನ. ಅಸ್ಸಾಮಿನ ಚಹಾ ತೋಟವೊಂದರಲ್ಲಿ ನಲವತ್ತು ದಾಟಿದ ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಪಡೆದವರ ಎಲೆ ಕೀಳುವ ಪ್ರಮಾಣದ ಏರಿಕೆ ಪಡೆಯದವರಿಗಿಂತ ಸುಮಾರು 22 ಪ್ರತಿಶತ ಅಧಿಕವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಂತೆ ಜಗತ್ತಿನಲ್ಲಿ 82 ಕೋಟಿಗೂ ಅಧಿಕ ಜನರ ಚಾಳೀಸಿಗೆ ಪರಿಹಾರ ದೊರೆತಿಲ್ಲ.

ಹಾಗಾದರೆ ನಮ್ಮ ಹಳೆಯ ಕನ್ನಡಕಗಳನ್ನೇ ಕೊಡಬಾರದೇಕೆ? ಒಬ್ಬರಿಗಾಗಿ ಮಾಡಿದ ಕನ್ನಡಕದ ಎರಡು ಗಾಜುಗಳ ನಂಬರು ಬೇರೆ ಬೇರೆ ಇರಬಹುದು. ಅಡ್ಡ ನಂಬರು ಇದ್ದರೆ ಅದಕ್ಕೊಂದು ಕೋನವೂ ಇರುತ್ತದೆ. ಎರಡು ಪಾಪೆಗಳ ನಡುವಿನ ಅಂತರಕ್ಕೆ ಗಾಜಿನ ಕೇಂದ್ರ ಹೊಂದಬೇಕು. ಇವೆಲ್ಲವೂ ಕೂಡಿ ಬರುವ ಇನ್ನೊಬ್ಬ ವ್ಯಕ್ತಿ ದೂರದ ಊರಿನ ಸಾಲಿನಲ್ಲಿ ನಿಂತಿರುವುದು ಅಪರೂಪ. ಹೊಂದದ ಕನ್ನಡಕ ತಲೆನೋವು ತಂದು ಮೂಲೆ ಸೇರುತ್ತದೆ. ಗೀರುಬಿದ್ದವನ್ನು ಬೇರ್ಪಡಿಸಿ, ತೊಳೆದು, ಅಳೆದು, ವಿಮಾನದಲ್ಲಿ ಸಾಗಿಸುವ ಖರ್ಚಿನಲ್ಲಿ ಚಾಳೀಸಿನ ಹೊಸ ಕನ್ನಡಕಗಳನ್ನೇ ಕೊಳ್ಳಬಹುದು. ಅಂಧತ್ವ ನಿವಾರಣೆಯ ಅಂತರರಾಷ್ಟ್ರೀಯ ಒಕ್ಕೂಟವೂ ಬಳಸಿದ ಕನ್ನಡಕಗಳನ್ನು ಸ್ವೀಕರಿಸದಿರುವಂತೆ ಸಲಹೆ ನೀಡಿದೆ. ನಾವು ತೊಟ್ಟು ಬಿಟ್ಟದ್ದು ಬಡವನಿಗೆ ಸಾಕೆಂಬ ಎಣಿಕೆ ಇದರ ಹಿಂದೆ ಅಡಗಿಲ್ಲವೇ ಎಂಬುದನ್ನೂ ಪರಾಮರ್ಶಿಸಿಕೊಳ್ಳಬೇಕು.

ಆಯುರ್ವೇದದ ವೈದ್ಯನಾಗಿ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಹೇಳುತ್ತದೆ. ಕಫಜ ಲಿಂಗನಾಶದಲ್ಲಿ ಶಲಾಕೆಯಿಂದ ಪೊರೆಯನ್ನು ಪಕ್ಕಕ್ಕೆ ಸರಿಸುವ ಕ್ರಮವನ್ನೂ ವಿವರಿಸುತ್ತದೆ. ಅದು ಹೆಮ್ಮೆಯ ಇತಿಹಾಸ. ಆದರೆ ಪಶ್ಚಿಮ ಆಫ್ರಿಕಾದ ಕೆಲವೆಡೆ ಅಲೆಮಾರಿ ಚಿಕಿತ್ಸಕರು ಇದೇ ಬಗೆಯಲ್ಲಿ ಸೂಜಿ ಚುಚ್ಚಿ ಪೊರೆ ಸರಿಸುವುದರಿಂದ ಇಂದಿಗೂ ಅನೇಕರು ಇದ್ದ ದೃಷ್ಟಿಯನ್ನೂ ಕಳೆದುಕೊಳ್ಳುತ್ತಿದ್ದಾರೆ. ಬಲಿತ ಪೊರೆಯನ್ನು ತ್ರಿಫಲಾ ಘೃತವಾಗಲಿ ಅಂಜನವಾಗಲಿ ಕರಗಿಸದು, ಕನ್ನಡಕದ ನಂಬರನ್ನೂ ಅಳಿಸದು. ಸೇವೆಗೆ ಹೋಗುವವರು ಇಂತಹ ಹನಿಗಳನ್ನು ಚೀಲದಲ್ಲಿ ಒಯ್ದು ಹಂಚಬಾರದು.

ಹೋಗಲೇಬೇಕೆನ್ನುವ ಯುವಕರು ಮೊದಲು ವಿಚಾರಿಸಬೇಕಾದುದು ಶಿಬಿರ ಮುಗಿದ ಮೇಲಿನ ಸಂಗತಿಯನ್ನು. ಮರುದಿನ ಪಟ್ಟಿ ಬಿಚ್ಚಿ ನೋಡುವವರು ಯಾರು? ವಾರದ ನಂತರ ಕಣ್ಣು ಕೆಂಪಾಗಿ ನೋವು ಬಂದರೆ ರೋಗಿ ಹೋಗಬೇಕಾದ ಆಸ್ಪತ್ರೆ ಯಾವುದು? ಉತ್ತರವಿಲ್ಲದ ತಂಡದೊಂದಿಗೆ ಹೋಗದಿರುವುದೇ ಲೇಸು. ವೈದ್ಯರಾದವರು ಆ ದೇಶದ ವೈದ್ಯಕೀಯ ಪರಿಷತ್ತಿನ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ವೈದ್ಯರಲ್ಲದವರು ಹೆಸರು ಬರೆದುಕೊಳ್ಳುವುದು, ವೃದ್ಧರ ಕೈಹಿಡಿದು ಕರೆದೊಯ್ಯುವುದು, ಗೋಡೆಯ ಮೇಲಿನ ಅಕ್ಷರಪಟ ತೋರಿಸಿ ದೂರದೃಷ್ಟಿ ದಾಖಲಿಸುವುದು ಮುಂತಾದ ಕೆಲಸಗಳನ್ನು ಅರ್ಧ ದಿನದ ತರಬೇತಿಯಲ್ಲಿ ಕಲಿಯಬಹುದು. ನಂಬರು ನಿರ್ಧರಿಸುವುದನ್ನು ಮಾತ್ರ ಅಭ್ಯಾಸವುಳ್ಳವರಿಗೇ ಬಿಡತಕ್ಕದ್ದು. ವಿಮಾನದ ಟಿಕೆಟ್ಟಿನ ಹಣವನ್ನೇ ಅಲ್ಲಿಯ ಕಣ್ಣಾಸ್ಪತ್ರೆಗೆ ಕಳುಹಿಸಿದರೆ ಎಷ್ಟು ಜನರಿಗೆ ಶಸ್ತ್ರಕ್ರಿಯೆ ಆದೀತೆಂದು ಆ ಆಸ್ಪತ್ರೆಯನ್ನೇ ಕೇಳಿ ನೋಡಿ, ಆಮೇಲೆ ಪ್ರಯಾಣ ನಿಶ್ಚಯಿಸಬಹುದು.