ಐದರ್ ಅಂತ ಬರೆದು ಬರೀ ಚೀಲ ತರಿಸಿಕೊಂಡ ಕತೆ

ಅಮ್ಮಸಂದ್ರದಲ್ಲಿ ಟ್ರೈನ್ ಹತ್ತಿ ತುಮಕೂರಿಗೆ ಹೋಗಿಬರೋ ನಾವು ನಾಲ್ಕು ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮು. ಹೋದ ವರ್ಷ ನಮ್ಮಲ್ಲೊಬ್ಬರ ದೊಡ್ಡಪ್ಪ ಕೊಬ್ಬರಿ ಕೊಂಡ ಹೊರರಾಜ್ಯದ ವ್ಯಾಪಾರಿಗೆ ಪತ್ರ ಬರೆದುಕೊಡಿ ಅಂದರು. ಬಾಕಿ ದುಡ್ಡು, ಖಾಲಿ ಚೀಲ ಎರಡೂ ಬೇಕಿತ್ತು. ನಾವು ಬರೆದದ್ದು: ‘ಸೆಂಡ್ ಐದರ್ ದ ಬ್ಯಾಲೆನ್ಸ್ ಆ್ಯಂಡ್ ದ ಬ್ಯಾಗ್ಸ್’. ಅವರು ‘ಎರಡರಲ್ಲಿ ಒಂದು’ ಅಂತ ಓದಿಕೊಂಡು ಬರೀ ಚೀಲ ಕಳಿಸಿದರು! “ಇಷ್ಟು ಫೀಸು ಕಟ್ಟಿದ್ದು ಇದಕ್ಕೇನ್ರೋ?” ಅಂದರು ದೊಡ್ಡಪ್ಪ. ಉತ್ತರ ಇರಲಿಲ್ಲ.

ಪ್ಲೇಸ್‌ಮೆಂಟ್ ಟೆಸ್ಟಿನ ‘ತಪ್ಪು ಹುಡುಕಿ’ ಭಾಗದಲ್ಲೂ ಇವೇ ಜೋಡಿಪದಗಳು ಕಾಡುತ್ತವೆ. ಯಾಕೆ ಎಡವುತ್ತೇವೆ ಅಂತ ನೋಡೋಣ.

1. ಬೋತ್ – ಆ್ಯಂಡ್, ಐದರ್ – ಆರ್, ನೈದರ್ – ನಾರ್. ‘ತೆಂಗೂ ಅಡಿಕೆಯೂ’ ಅನ್ನುವಾಗ ‘ಊ’ ಎರಡು ಸಲ ಬರುತ್ತಲ್ಲ, ಅದೇ ಬೋತ್ – ಆ್ಯಂಡ್. ಬೋತ್ ಜೊತೆ ‘ಆ್ಯಸ್ ವೆಲ್ ಆ್ಯಸ್’ ಹಾಕಿದರೆ ತಪ್ಪು.

2. ನೋ ಸೂನರ್ – ದ್ಯಾನ್. ‘ಟ್ರೈನ್ ನಿಂತ ಕೂಡಲೇ’ ಅಂತ ಯೋಚಿಸಿ ನಾವು ‘ವೆನ್’ ಹಾಕಿಬಿಡ್ತೀವಿ. ಆದರೆ ಸೂನರ್ ಅಂದರೆ ‘ಇನ್ನೂ ಬೇಗ’. ಹೋಲಿಕೆ ಬಂದಲ್ಲಿ ದ್ಯಾನ್ ಬೇಕು. ‘ನೋ ಸೂನರ್ ಡಿಡ್ ದ ಟ್ರೈನ್ ಸ್ಟಾಪ್ ದ್ಯಾನ್ ವಿ ಗಾಟ್ ಇನ್’. ವೆನ್ ಬರೋದು ಹಾರ್ಡ್ಲಿ, ಸ್ಕೇರ್ಸ್‌ಲಿ ಜೊತೆ.

3. ಲೆಸ್ಟ್ – ಶುಡ್. ಕನ್ನಡದಲ್ಲಿ ‘ಕೊಬ್ಬರಿ ಕೆಡದಂತೆ’ ಅಂತೀವಿ, ‘ಇಲ್ಲ’ದ ಅರ್ಥ ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಅದು ಲೆಸ್ಟ್ ಒಳಗೇ ಇದೆ. ‘ಲೆಸ್ಟ್ ಇಟ್ ಶುಡ್ ನಾಟ್ ರಾಟ್’ ಅಂದರೆ ಅರ್ಥವೇ ತಲೆಕೆಳಗು. ‘ನಾಟ್’ ತೆಗೆಯಿರಿ.

4. ಆಲ್‌ದೋ ಬಂದರೆ ಬಟ್ ಬೇಡ. ‘ಮಳೆ ಬಂದರೂ ಕಾಯಿ ಕೆಡವಿದರು’, ಇಲ್ಲಿ ಒಂದೇ ‘ರೂ’ ಸಾಕಲ್ಲವೇ? ಹಾಗೇ. ಬೇಕಿದ್ದರೆ ‘ಯೆಟ್’ ಹಾಕಬಹುದು.

5. ನಾಟ್ ಓನ್ಲಿ – ಬಟ್ ಆಲ್ಸೋ. ಇದು ತಕ್ಕಡಿ ಇದ್ದ ಹಾಗೆ, ಎರಡೂ ತಟ್ಟೆಯಲ್ಲಿ ಒಂದೇ ಜಾತಿಯ ಪದ ಇರಬೇಕು. ‘ಹಿ ನಾಟ್ ಓನ್ಲಿ ಸೆಲ್ಸ್ ಕೋಕನಟ್ಸ್ ಬಟ್ ಆಲ್ಸೋ ಕೊಪ್ರಾ’ ತಪ್ಪು. ಮೊದಲ ತಟ್ಟೆಯಲ್ಲಿ ಕ್ರಿಯಾಪದ, ಎರಡನೆಯದರಲ್ಲಿ ನಾಮಪದ. ‘ಹಿ ಸೆಲ್ಸ್ ನಾಟ್ ಓನ್ಲಿ ಕೋಕನಟ್ಸ್ ಬಟ್ ಆಲ್ಸೋ ಕೊಪ್ರಾ’ ಸರಿ.

ಈಗ ನೀವು ಹುಡುಕಿ:
ಅ) ಹಾರ್ಡ್ಲಿ ಹ್ಯಾಡ್ ವಿ ಸ್ಯಾಟ್ ದ್ಯಾನ್ ದ ಬೆಲ್ ರ‍್ಯಾಂಗ್.
ಆ) ನೈದರ್ ಟೀ ಆರ್ ಕಾಫಿ ವಾಸ್ ಲೆಫ್ಟ್.

ಉತ್ತರ: ಅ) ದ್ಯಾನ್ ಅಲ್ಲ, ವೆನ್. ಆ) ಆರ್ ಅಲ್ಲ, ನಾರ್.

ವಾಕ್ಯದಲ್ಲಿ ಮೊದಲ ಪದ ಕಂಡ ತಕ್ಷಣ ಅದರ ಜೋಡಿ ಎಲ್ಲಿ ಅಂತ ಹುಡುಕೋದೇ ಉಪಾಯ. ದೊಡ್ಡಪ್ಪನಿಗೆ ಎರಡನೇ ಪತ್ರ ಬೋತ್ – ಆ್ಯಂಡ್ ಹಾಕಿ ಬರೆದುಕೊಟ್ಟೆವು. ತಡವಾದರೂ ದುಡ್ಡು ಬಂತು.